ಇನ್ನೂರ ಹತ್ತು ಬಸ್ಕಿ

ಬಾಟಲಿಯ ಬಣ್ಣ ಇವತ್ತು ನಿನ್ನೆಗಿಂತ ತಿಳಿಯಾಗಿತ್ತು. ಆದರೂ ಜಯಶ್ರೀ ಅದನ್ನು ವಾರ್ಡಿನ ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದಳು. ಬುಧವಾರ ಅದು ಹಾಲು ಹಾಕದ ಚಹಾದ ಹಾಗಿತ್ತು. ನಿನ್ನೆ ಹಳೆಯ ಜೇನುತುಪ್ಪದ ಹಾಗೆ. ಇವತ್ತು, ಶುಕ್ರವಾರ, ಅರಿಸಿನದ ಕೈ ತೊಳೆದ ನೀರಿನಷ್ಟು. ತಮ್ಮನ ಮಗಳ ಮೂತ್ರವನ್ನು ಹೀಗೆ ಎತ್ತಿ ಹಿಡಿದು ನಿಂತ ತನ್ನನ್ನು ಎದುರು ಮಂಚದ ಮುದುಕಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಾಳೆಂದು ಗೊತ್ತಿದ್ದೂ ಅವಳಿಗೆ ಕೈ ಇಳಿಸಲಾಗಲಿಲ್ಲ. "ಕೊಡಿ ಮೇಡಂ, ಅಳತೆ ಬರ್ಕೊಳ್ಬೇಕು" ಎಂದು ನರ್ಸ್ ಮಾನಸಾ ಹಿಂದಿನಿಂದ ಬಂದು ಕೈ ಚಾಚಿದಾಗ, ಪರೀಕ್ಷೆಯ ಕೋಣೆಯಲ್ಲಿ ಚೀಟಿ ಸಮೇತ ಸಿಕ್ಕಿಬಿದ್ದವಳಂತೆ ಬೆಚ್ಚಿ ಕೊಟ್ಟುಬಿಟ್ಟಳು. ಆರು ವರ್ಷದ ಹಿಂದೆ ಇದೇ ಮಾನಸಾ ಅವಳ ಪಿಯುಸಿ ಜೀವಶಾಸ್ತ್ರದ ಕ್ಲಾಸಿನಲ್ಲಿ ಮೂರನೇ ಬೆಂಚಿನಲ್ಲಿ ಕೂರುತ್ತಿದ್ದವಳು. "ನಿಮ್ಮ ಪಾಠ ನಂಗಿನ್ನೂ ನೆನಪದೆ ಮೇಡಂ. ಸ್ನಾಯು ಹರಿಯದೆ ಬೆಳೆಯೂದಿಲ್ಲ ಅಂದಿದ್ರಿ. ಹಾಸ್ಟೆಲಲ್ಲಿ ಯಾರಿಗಾದ್ರೂ ಲವ್ ಫೇಲಾದ್ರೆ ನಾವು ಅದನ್ನೇ ಹೇಳಿ ನಗಾಡ್ತಿದ್ವಿ." ಮಾನಸಾ ನಕ್ಕಳು. ಜಯಶ್ರೀಯೂ ನಗಬೇಕಾಯಿತು. ನಕ್ಕ ಮೇಲೆ ತುಟಿಯನ್ನು ಮತ್ತೆ ಎಲ್ಲಿಗೆ ತಂದು ನಿಲ್ಲಿಸಬೇಕೆಂದು ತಿಳಿಯದೆ, ಕಾರವಾರದ ಕೋಡಿಬಾಗದಲ್ಲಿನ ತನ್ನ ಮನೆಯಿಂದ ತಂದ ಗಂಜಿಯ ಡಬ್ಬಿಯ ಮುಚ್ಚಳ ತೆಗೆದು ಹಾಕಿ ಮಾಡುತ್ತ ಕೂತಳು.

ಭವ್ಯಾ ನಿದ್ದೆಯಲ್ಲಿದ್ದಳು. ಹೊದಿಕೆಯ ಕೆಳಗೆ ಅವಳ ತೊಡೆಗಳು ಊದಿ, ಇಪ್ಪತ್ತೊಂದರ ಹುಡುಗಿಯವಲ್ಲವೆಂಬಂತೆ ದಪ್ಪಗೆ ಕಾಣುತ್ತಿದ್ದವು. ಅಲ್ಲಿ ಒಳಗೆ ಏನು ನಡೆದಿದೆಯೆಂದು ಈ ವಾರ್ಡಿನಲ್ಲಿ ಡಾಕ್ಟರನ್ನು ಬಿಟ್ಟರೆ ತನಗೊಬ್ಬಳಿಗೇ ಚಿತ್ರ ಬಿಡಿಸಿ ಹೇಳುವಷ್ಟು ಗೊತ್ತು ಎಂಬುದು ಜಯಶ್ರೀಗೆ ಮೂರು ದಿನದಿಂದ ದೊಡ್ಡ ಶಿಕ್ಷೆಯಾಗಿತ್ತು. ಎದ್ದು ನಿಲ್ಲುವಾಗ ಅಲ್ಲ, ಕುಕ್ಕರಿಸಲು ಇಳಿಯುವಾಗ ಹರಿಯುತ್ತದೆ. ಭಾರ ಹೊತ್ತುಕೊಂಡೇ ಉದ್ದವಾಗಬೇಕಾದ ಎಳೆಗಳಲ್ಲಿ ತೀರ ಬಡಕಲಾದ ಒಂದು ತುಂಡು ಮೊದಲು ಸೋಲುತ್ತದೆ, ಅದರ ಪಾಲಿನ ಎಳೆತ ಪಕ್ಕದ ತುಂಡಿನ ಮೇಲೆ ಬೀಳುತ್ತದೆ. ಕೋಶದ ಪೊರೆ ಅಲ್ಲಲ್ಲಿ ಬಿರಿದು ಹೊರಗಿನ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ನುಗ್ಗಿದ್ದು, ಕೋಶದೊಳಗೇ ಸುಮ್ಮನೆ ಕಾದು ಕೂತ ಕತ್ತರಿಸುವ ಕಿಣ್ವಗಳನ್ನು ಎಬ್ಬಿಸುತ್ತದೆ. ಇಷ್ಟರವರೆಗೆ ಭಯವಿಲ್ಲ. ದಿನಾ ಎಲ್ಲರ ಮೈಯಲ್ಲೂ ಸ್ವಲ್ಪ ಸ್ವಲ್ಪ ಆಗುವುದೇ ಅದು. ಸತ್ತ ಚೂರುಗಳನ್ನು ತಿಂದು ಚೊಕ್ಕ ಮಾಡುವ ಕೋಶಗಳು ಮೊದಲು ಬರುತ್ತವೆ, ಆಮೇಲೆ ಕಟ್ಟುವವು ಬರುತ್ತವೆ, ಮರಳಿನಲ್ಲಿ ಹುದುಗಿದ ಏಡಿಗಳಂತೆ ಎಳೆಯ ಅಂಚಿನಲ್ಲಿ ವರ್ಷಗಟ್ಟಲೆ ಮಲಗಿದ್ದ ಕೋಶಗಳು ಎದ್ದು, ಒಂದು ಎರಡಾಗಿ, ಗಾಯದೊಳಗೆ ಕರಗಿ ಸೇರಿಕೊಂಡು ಎಳೆಯನ್ನು ಮೊದಲಿಗಿಂತ ಗಟ್ಟಿ ಮಾಡುತ್ತವೆ. ಇದನ್ನು ಹೇಳುವಾಗ ಪ್ರತಿ ವರ್ಷವೂ ಅವಳ ದನಿ ತಾನಾಗಿಯೇ ಏರುತ್ತಿತ್ತು, ಕೊನೆಯ ಬೆಂಚಿನವರೂ ತಲೆ ಎತ್ತುತ್ತಿದ್ದರು. ಆದರೆ ಎಷ್ಟು ಹರಿದರೆ ಎಷ್ಟು ಬೆಳೆಯುತ್ತದೆ, ಎಲ್ಲಿ ನಿಲ್ಲಿಸಬೇಕು ಎಂಬುದು ಆ ಪಾಠದಲ್ಲಿರಲಿಲ್ಲ, ಪರೀಕ್ಷೆಗೆ ಬರುತ್ತಿರಲಿಲ್ಲ. ಒಂದೇ ಸಲಕ್ಕೆ ಸಾವಿರಾರು ಎಳೆ ಒಡೆದರೆ ಒಳಗಿನ ಕೆಂಪು ಪ್ರೋಟೀನು ರಕ್ತಕ್ಕೆ ಸೋರಿ, ಮೂತ್ರಪಿಂಡದ ಸಣ್ಣ ನಾಳಗಳಲ್ಲಿ ಕೆಸರಿನಂತೆ ಕಟ್ಟಿಕೊಳ್ಳುತ್ತದೆ ಎಂಬುದನ್ನು ಅವಳು ಪುಸ್ತಕದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಓದಿದ್ದಳು. ಓದಿದ್ದಳು ಎಂಬುದೇ ಈಗಿನ ಕಷ್ಟ. ಓದಿರದಿದ್ದರೆ ಗೊತ್ತಿರಲಿಲ್ಲ ಎನ್ನಬಹುದಿತ್ತು.

ಪೊಲೀಸ್ ಭರ್ತಿಯ ದೈಹಿಕ ಪರೀಕ್ಷೆಗೆ ಭವ್ಯಾ ಅವರ್ಸಾದ ಅಪ್ಪನ ಮನೆಯಿಂದ ದಿನಾ ಮೀನುಗಾರರ ಊರಾದ ಕೇಣಿಗೆ ಹೋಗುತ್ತಿದ್ದಳು. ಅಲ್ಲಿ ಮಿಲಿಟರಿಯಿಂದ ನಿವೃತ್ತನಾಗಿ ಬಂದ ಜಗದೀಶ ಹದಿನೆಂಟು ಹುಡುಗಿಯರಿಗೆ ಪುಕ್ಕಟೆ ತರಬೇತಿ ಕೊಡುತ್ತಿದ್ದ. ದಡಕ್ಕೆ ಎಳೆಯುವ ದೊಡ್ಡ ರಂಪಣಿ ಬಲೆಯ ಹಳೆಯ ಹಗ್ಗಕ್ಕೆ ಮರಳು ತುಂಬಿದ ಚೀಲ ಕಟ್ಟಿ ದಡದ ಮೇಲೆ ಎಳೆಸುತ್ತಿದ್ದ. ಮೊದಲ ವಾರ ಅರ್ಧ ಚೀಲ, ಎರಡನೇ ವಾರ ಮುಕ್ಕಾಲು, ಯಾರಾದರೂ ಹೆಚ್ಚು ಎಳೆಯಲು ಹೋದರೆ ಹಗ್ಗ ಕಸಿದುಕೊಂಡು ಮನೆಗೆ ಕಳಿಸುತ್ತಿದ್ದ. "ನಮ್ಮ ಹುಡುಗಿ ಬಲೆ ಹಗ್ಗ ಎಳೂದೆಂತಕೆ?" ಎಂದು ಜಯಶ್ರೀಯ ತಮ್ಮ ಭಾಸ್ಕರ ಮೊದಲಿಗೆ ಮೂಗು ಮುರಿದಿದ್ದ. ಜಯಶ್ರೀ ಹಾಗೆ ಬಾಯಿ ಬಿಟ್ಟು ಹೇಳುವವಳಲ್ಲ. ಅದು ಕೆಲಸವೇ ಹೊರತು ವ್ಯಾಯಾಮವಲ್ಲ, ವೈಜ್ಞಾನಿಕವಲ್ಲ ಎಂದಷ್ಟೇ ಹೇಳಿದ್ದಳು. ಆಗ ಭವ್ಯಾ ಎಲ್ಲರೆದುರು ಊಟದ ನಡುವೆ, "ಅತ್ತೆ, ನೀ ಓದಿದ್ದು. ಸರ್ ಮಾಡಿದ್ದು" ಎಂದಳು. ಭಾಸ್ಕರ, ಅವನ ಹೆಂಡತಿ ಕವಿತಾ, ಎಲ್ಲರೂ ನಕ್ಕರು. ಜಯಶ್ರೀ ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕಳು, ಮೀನಿನ ಮುಳ್ಳನ್ನು ಬೆರಳಿನಿಂದ ಬಿಡಿಸುತ್ತ. ಮೂರು ವರ್ಷ ತನ್ನ ಮನೆಯಲ್ಲಿದ್ದು ಡಿಗ್ರಿ ಓದಿದ ಹುಡುಗಿ, ತಾನು ಕರೆದರೆ ಸಾಕು ಪಕ್ಕದಲ್ಲಿ ಬಂದು ಮಲಗುತ್ತಿದ್ದ ಹುಡುಗಿ, ಈಗ ಮಾತು ಮಾತಿಗೆ ಸರ್ ಹೇಳಿದ್ರು, ಸರ್ ಹೇಳಿದ್ರು.

ಹೋದ ಆದಿತ್ಯವಾರ ಅವಳು ಕೋಡಿಬಾಗಕ್ಕೆ ಬಂದಾಗ ಸಂಜೆ ಇಬ್ಬರೂ ಬೀಚಿಗೆ ಹೋದದ್ದು ಗಾಳಿಗೆಂದೇ. ಮೇ ತಿಂಗಳ ಸೆಕೆ, ಐದು ಗಂಟೆಯಾದರೂ ಮರಳು ಕಾದಿತ್ತು. ಸರ್ ಕಾಲಿಗೆ ಓಟ, ಹಗ್ಗ ಬಿಟ್ಟರೆ ಏನೂ ಮಾಡಿಸಲ್ಲವೇ ಎಂದು ಕೇಳಿದ್ದು ಜಯಶ್ರೀ. ಬಸ್ಕಿ ಹೊಡಿ, ನಾ ಎಣಿಸ್ತೆ ಎಂದದ್ದೂ ಜಯಶ್ರೀ. ಸಿಮೆಂಟಿನ ಬೆಂಚಿನ ಮೇಲೆ ಸೆರಗು ಹೊದ್ದು ಕೂತು ಎಣಿಸಿದಳು. ಎಂಬತ್ತಕ್ಕೆ ಭವ್ಯಾಳ ಮೊಣಕಾಲು ನಡುಗತೊಡಗಿ, "ಸಾಕು ಅತ್ತೆ" ಎಂದಳು. ನಡುಕ ಬಂದ ಮೇಲೇ ಕೋಶಕ್ಕೆ ಸುದ್ದಿ ಮುಟ್ಟುವುದು ಎಂದಳು ಜಯಶ್ರೀ. ಆ ಮಾತು ಅವಳಿಗೇ ಚೆನ್ನಾಗಿ ಕೇಳಿಸಿತು. ನೂರಾ ಐವತ್ತಕ್ಕೆ ಹುಡುಗಿಯ ಮುಖ ಬೆವರಿನಲ್ಲಿ ತೊಯ್ದು, ಪ್ರತಿ ಸಲ ಇಳಿಯುವಾಗ ಬಾಯಿಯಿಂದ ಸಣ್ಣ ದನಿ ಹೊರಡುತ್ತಿತ್ತು. ದಾರಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಆಗ ತನಗೆ ಒಳಗೆ ಏನಾಯಿತು ಎಂಬುದನ್ನು ಜಯಶ್ರೀ ಈ ಮೂರು ದಿನಗಳಲ್ಲಿ ಬೇರೆ ಬೇರೆ ಹೆಸರಿನಿಂದ ಕರೆದು ನೋಡಿದ್ದಾಳೆ. ಕಾಳಜಿ. ಶಿಸ್ತು. ಹುಡುಗಿಯ ಒಳ್ಳೆಯದು. ಯಾವುದೂ ಕೂರುವುದಿಲ್ಲ. ಅದು ಸಂತೋಷ. ಇನ್ನೂರಕ್ಕೆ ಭವ್ಯಾ ಮೊಣಕಾಲು ಹಿಡಿದು ಬಗ್ಗಿ, "ಸರ್ ಇಷ್ಟೆಲ್ಲ ಮಾಡಿಸೂದಿಲ್ಲ" ಎಂದಳು. ಜಯಶ್ರೀ, "ಇನ್ನು ಹತ್ತು" ಎಂದಳು. ಇನ್ನೂರು ತಪ್ಪು, ಅವಿವೇಕ, ಇರಲಿ. ಆ ಹತ್ತನ್ನು ಏನೆನ್ನಬೇಕು?

ಸೋಮವಾರ ಹುಡುಗಿಗೆ ಮೆಟ್ಟಿಲಿಳಿಯಲು ಆಗಲಿಲ್ಲ. ಅದು ಒಳ್ಳೆಯ ನೋವು ಎಂದು ಜಯಶ್ರೀ ಅವಳ ಬೆನ್ನು ತಟ್ಟಿ ಅವರ್ಸಾದ ಬಸ್ಸು ಹತ್ತಿಸಿದಳು. ಮಂಗಳವಾರ ಮಧ್ಯಾಹ್ನ ಫೋನು ಬಂತು. "ಅತ್ತೆ, ಯಾರಿಗೂ ಹೇಳ್ಬೇಡ. ಉಚ್ಚೆ ಕಪ್ಪಗೆ ಬರ್ತಾ ಅದೆ." ಉಷ್ಣ, ಎಂದಳು ಜಯಶ್ರೀ. ಅವಳ ಅಮ್ಮ ಹೇಳುತ್ತಿದ್ದ ಹಾಗೆ, ಈ ಕರಾವಳಿಯ ಎಲ್ಲ ಅಮ್ಮಂದಿರು ಮೇ ತಿಂಗಳಲ್ಲಿ ಕಣ್ಣುರಿಗೂ ಬಾಯಿ ಹುಣ್ಣಿಗೂ ಎಲ್ಲಕ್ಕೂ ಹೇಳುವ ಹಾಗೆ. "ಉಷ್ಣ ಆಗದೆ ಮಾರಾಯ್ತಿ, ಮುರುಗಲ ಹಣ್ಣಿನ ಪಾನಕ ಕುಡಿ, ನೀರು ಕುಡಿ." ನೀರು ಕುಡಿಯಲು ಹೇಳಿದ್ದು ತಪ್ಪಲ್ಲ, ಡಾಕ್ಟರೂ ಈಗ ನೀರನ್ನೇ ನರಕ್ಕೆ ಏರಿಸುತ್ತಿದ್ದಾರೆ, ಎಂದು ಅವಳು ಎಷ್ಟೋ ಸಲ ತನಗೆ ತಾನೇ ವಾದಿಸಿದ್ದಾಳೆ. ಆದರೆ ಫೋನಿಟ್ಟ ಮೇಲೆ ಅರ್ಧ ಗಳಿಗೆ ಅಡಿಗೆಮನೆಯ ಕಟ್ಟೆ ಹಿಡಿದು ನಿಂತಿದ್ದು, ಪುಸ್ತಕದ ಆ ಸಣ್ಣ ಅಕ್ಷರ ನೆನಪಾಗಿದ್ದು, ಆಮೇಲೆ ಒಗೆದ ಬಟ್ಟೆ ಮಡಚಲು ಹೋಗಿದ್ದು ಸುಳ್ಳಲ್ಲವಲ್ಲ. ಬುಧವಾರ ಬೆಳಿಗ್ಗೆ ಭವ್ಯಾ ಜಗದೀಶನಿಗೆ ಫೋನು ಮಾಡಿದಳು. ಅವನು ಬಣ್ಣ ಕೇಳಿದವನೇ ರಿಕ್ಷಾ ತಕ್ಕೊಂಡು ಅವರ್ಸಾಕ್ಕೆ ಬಂದು, ಅವಳನ್ನೂ ಕವಿತಾಳನ್ನೂ ಕೂರಿಸಿಕೊಂಡು ಕಾರವಾರದ ಆಸ್ಪತ್ರೆಗೆ ತಂದ. ಅವನು ತಂದದ್ದನ್ನು ಊರೆಲ್ಲ ನೋಡಿತು. ಅಲ್ಲಿಗೆ ತಪ್ಪು ಯಾರದೆಂಬುದು ತೀರ್ಮಾನವಾಯಿತು. "ಹೊಸದಾಗಿ ಎಂಥ ವ್ಯಾಯಾಮ ಮಾಡಿದ್ಲು? ಯಾರು ಮಾಡಿಸಿದ್ದು?" ಎಂದು ಡಾಕ್ಟರು ಕೇಳಿದಾಗ ಕವಿತಾ ಅಳುತ್ತ, "ಕೇಣಿ ಮಾಸ್ತರು, ಹಗ್ಗ ಎಳಿಸ್ತ್ರು" ಎಂದಳು. ಜಗದೀಶ ಆಗಲೇ ಹೊರಟುಹೋಗಿದ್ದ. ಸುದ್ದಿ ಕೇಳಿ ಓಡಿಬಂದ ಜಯಶ್ರೀ ಅಲ್ಲೇ ಇದ್ದಳು. ಮಂಚದ ಪರದೆ ಸರಿ ಮಾಡುತ್ತಿದ್ದಳು.

ಮೂರು ಗಂಟೆಗೆ ಭಾಸ್ಕರ ಬಂದ. ಮೂರು ದಿನದ ಗಡ್ಡ, ಚಪ್ಪಲಿಯಲ್ಲಿ ಗದ್ದೆಯ ಒಣ ಮಣ್ಣು. ಅವನ ಹಿಂದೆ ದೊಡ್ಡಪ್ಪನ ಮಗ ಪುಟ್ಟು, ಪಂಚಾಯ್ತಿ ಮೆಂಬರು, ಬಾಗಿಲಲ್ಲೇ ನಿಂತ.

"ಅಕ್ಕಾ, ಏಳು. ಕೇಣಿಗೆ ಹೋಗಿ ಬರ್ವಾ. ಐದು ಗಂಟೆಗೆ ಅವರ ಮೀನುಗಾರರ ಸಂಘದವರೂ ಬತ್ತ್ರು. ಇವತ್ತು ಅವನ ಕ್ಯಾಂಪ್ ಬಂದ್ ಮಾಡ್ಸೇ ಬರೂದು."

"ನಾ ಎಂತಕೆ?" ಎಂದಳು ಜಯಶ್ರೀ.

"ನೀ ಎಂತಕೆ ಅಂದ್ರೆ? ನಾನು, ಪುಟ್ಟು ಮಾತಾಡಿರೆ ಜಗಳ ಆಗ್ತದೆ. ನೀ ಮಾತಾಡಿರೆ ತೂಕ. ಯಾವ ಸ್ನಾಯು, ಎಂತ ಹರೀತು, ಎಲ್ಲಾ ಸರಿಯಾಗಿ ಇಂಗ್ಲೀಷಲ್ಲಿ ಹೇಳು. ಅವ ಬಾಯಿ ಮುಚ್ಕಂಡು ಕೇಳ್ಬೇಕು."

ಬಾಗಿಲಿನಿಂದ ಪುಟ್ಟು, "ಹೌದು ಮತ್ತೆ, ಮನೇಲಿ ಲೆಕ್ಚರರು ಇಟ್ಕಂಡು ಬೇರೆಯವರಿಗೆ ಎಂತಕೆ ಕೈ ಮುಗೀಬೇಕು" ಎಂದು ನಕ್ಕ. ಕವಿತಾ ಸೆರಗಿನಿಂದ ಮೂಗು ಒರೆಸಿ, "ಹೋಗಿ ಬನ್ನಿ ಅತ್ತಿಗೆ. ನೀವಾದ್ರೆ ನ್ಯಾಯವಾಗಿ ಮಾತಾಡ್ತ್ರಿ" ಎಂದಳು, ಗಂಜಿ ಡಬ್ಬಿ ತೊಳೆಯಲು ಹೊರಗೆ ಹೋದಳು. ಭಾಸ್ಕರ, ಪುಟ್ಟು ಕಾರು ತಿರುಗಿಸಲು ಕೆಳಗಿಳಿದರು.

ಭವ್ಯಾ ಕಣ್ಣು ಬಿಟ್ಟಿದ್ದಳು. ಎಷ್ಟು ಹೊತ್ತಿನಿಂದಲೋ.

"ಸರ್‌ದು ತಪ್ಪಿಲ್ಲ ಹೇಳಿ ಅಪ್ಪನಿಗೆ ಹತ್ತು ಸಲ ಹೇಳ್ದೆ," ಎಂದಳು ಚಾವಣಿ ನೋಡುತ್ತ. "ಹಾಂಗಾರೆ ಯಾರ್ದು ಕೇಳ್ತ್ರು. ಅದು ನಾ ಹೇಳೂದಿಲ್ಲ ಅತ್ತೆ."

"ನೀ ಹೇಳ್ಬೇಡ," ಎಂದಳು ಜಯಶ್ರೀ. ತಾನು ಹೇಳುತ್ತೇನೆ ಎಂಬರ್ಥದಲ್ಲಿ ಹೇಳಿದಳೋ, ದಯವಿಟ್ಟು ಬೇಡ ಎಂಬರ್ಥದಲ್ಲಿ ಹೇಳಿದಳೋ ಅವಳಿಗೇ ತಿಳಿಯಲಿಲ್ಲ. ಹುಡುಗಿ ಅವಳ ಕಡೆ ತಿರುಗಿ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಣ್ಣ ಮಕ್ಕಳು ಬಿದ್ದಾಗ ಅಳುತ್ತವೆಯೋ ಇಲ್ಲವೋ ಎಂದು ದೊಡ್ಡವರು ಕಾದು ನೋಡುವಂತಿತ್ತು. "ಅಲ್ಲಿ ಹದಿನೆಂಟು ಮಂದಿ ಇದ್ರು. ನಾನಿಲ್ಲ ಅಂದ್ರೆ ಹದಿನೇಳು. ಹನ್ನೆರಡು ದಿನಕ್ಕೆ ಪರೀಕ್ಷೆ. ಅವ್ರಿಗೆ ಬೇರೆ ಯಾರೂ ಇಲ್ಲ ಅತ್ತೆ" ಎಂದು ಮತ್ತೆ ಕಣ್ಣು ಮುಚ್ಚಿಕೊಂಡಳು.

ಹೆದ್ದಾರಿಯಲ್ಲಿ ಕಾರು ಓಡುವಾಗ ಬಲಗಡೆ ಸಮುದ್ರ ಕಂಡು ಕಂಡು ಮರೆಯಾಗುತ್ತಿತ್ತು. ಪುಟ್ಟು ಹಿಂದಿನ ಸೀಟಿನಲ್ಲಿ ಯಾರಿಗೋ ಫೋನಿನಲ್ಲಿ, "ಹೌದಾ, ನಮ್ಮಕ್ಕನ್ನೇ ಕರ್ಕಂಡು ಹೊಂಟೆವೆ" ಎನ್ನುತ್ತಿದ್ದ. ಅವರ್ಸಾ ದಾಟುವಾಗ ಭಾಸ್ಕರ ಮನೆಯ ಕಡೆ ತಿರುಗಿಯೂ ನೋಡಲಿಲ್ಲ. ಹಾದಿ ಬದಿಯಲ್ಲಿ ಕರಿ ಇಶಾಡ ಮಾವು ಗುಡ್ಡೆ ಹಾಕಿ ಕೂತ ಹೆಂಗಸರು. ಮಾವಿನ ವಾಸನೆ ಕಾರಿನೊಳಗೆ ಬಂದು ಹೋಯಿತು. ಈಗ ಹೇಳಿಬಿಡಬಹುದು. ಕಾರಿನಲ್ಲಿ ಮೂವರೇ. ಭಾಸ್ಕರ ಚಿಕ್ಕವನಿದ್ದಾಗ ತಾನೇ ಅವನ ಸ್ಲೇಟು ಒಡೆದು ಅವನೇ ಬೀಳಿಸಿದ ಎಂದು ಅಪ್ಪನಿಗೆ ಹೇಳಿದ್ದಳಲ್ಲ, ಅವನು ಏಟು ತಿಂದು ಅಳುತ್ತ ಬಂದು ಮತ್ತೆ ಅವಳ ಮಗ್ಗುಲಲ್ಲೇ ಕೂತಿದ್ದ, ಅಕ್ಕ ಸುಳ್ಳು ಹೇಳಲಿಕ್ಕಿಲ್ಲ, ತನಗೇ ನೆನಪಿಲ್ಲ ಎಂದುಕೊಂಡು. ಈಗಲೂ ಅವನು ಅಷ್ಟೇ ನಂಬಿಕೆಯಿಂದ ಗೇರು ಬದಲಿಸುತ್ತಿದ್ದಾನೆ. ಅಂಕೋಲೆಯ ಪೇಟೆ ಬರುವುದರೊಳಗೆ ಹೇಳುತ್ತೇನೆ ಅಂದುಕೊಂಡಳು. ಪೇಟೆ ಬಂತು. ಕೇಣಿಯ ತಿರುವು ಬಂತು. ತಿರುವಿನಲ್ಲಿ ಒಂದು ಎಮ್ಮೆ ಅಡ್ಡ ನಿಂತಿತ್ತು, ಅದು ಸರಿಯುವ ತನಕವಾದರೂ ಹೇಳಬಹುದಿತ್ತು.

ದಡದಲ್ಲಿ ಹುಡುಗಿಯರು ಸಾಲಾಗಿ ನಿಂತಿದ್ದರು, ಹಗ್ಗ ಮರಳಿನ ಮೇಲೆ ಬಿದ್ದಿತ್ತು. ಸಂಘದ ಹಿರಿಯ ಮಾಬ್ಲೇಶ್ವರ ಮಗುಚಿ ಹಾಕಿದ ದೋಣಿಯ ಅಂಚಿನ ಮೇಲೆ ಕೂತಿದ್ದ, ಸುತ್ತ ನಾಲ್ಕೈದು ಜನ. ಜಗದೀಶ ಕೈ ಹಿಂದೆ ಕಟ್ಟಿ ನಿಂತಿದ್ದ. ಜಯಶ್ರೀ ಅಂದುಕೊಂಡದ್ದಕ್ಕಿಂತ ಗಿಡ್ಡ, ಕಿವಿಯ ಹತ್ತಿರ ಕೂದಲು ನೆರೆತಿತ್ತು. ಅವನು ಅವಳಿಗೆ ಮೊದಲು ಕೈ ಮುಗಿದ. "ಭವ್ಯಾ ಹೆಂಗದೆ ಅಕ್ಕೋರೆ? ಉಚ್ಚೆ ತಿಳಿ ಆಯ್ತಾ?" ಎಂದ. ಅದು ಅವನು ಕೇಳಬೇಕಾದ ಸರಿಯಾದ ಪ್ರಶ್ನೆಯಾಗಿತ್ತು. ಮೂರು ದಿನದಲ್ಲಿ ಮನೆಯವರು ಯಾರೂ ಕೇಳಿರಲಿಲ್ಲ.

"ನೀ ಸುಮ್ನಿರು," ಎಂದ ಭಾಸ್ಕರ. "ನಮ್ಮಕ್ಕ ಕಾಲೇಜಲ್ಲಿ ಕಲಿಸ್ತದೆ. ಎಂತ ಆಗದೆ ಹೇಳಿ ಅದೇ ಹೇಳ್ತದೆ, ಎಲ್ಲರೂ ಕೇಳಿ. ಹೇಳಾ ಅಕ್ಕಾ."

ಜಯಶ್ರೀ ಮಾತು ಶುರುಮಾಡಿದಳು. ಸ್ನಾಯು ಎಂದರೆ ಕೂದಲಿಗಿಂತ ಸಪೂರವಾದ ಎಳೆಗಳ ಕಟ್ಟು ಎಂದಳು. ಭಾರ ಬಿದ್ದಾಗ ಹೇಗೆ ಒಡೆಯುತ್ತದೆ, ಒಡೆದದ್ದನ್ನು ಮೈ ಹೇಗೆ ಕಟ್ಟಿಕೊಳ್ಳುತ್ತದೆ, ಸ್ವಲ್ಪ ಸ್ವಲ್ಪವೇ ಏರಿಸಿದರೆ ಮುಂದಿನ ಸಲದ ಹೊಡೆತಕ್ಕೆ ಅದೇ ಎಳೆ ಹೇಗೆ ತಯಾರಾಗಿರುತ್ತದೆ, ಮಿತಿ ಮೀರಿದರೆ ಏನು ಸೋರಿ ಎಲ್ಲಿ ಕಟ್ಟಿಕೊಳ್ಳುತ್ತದೆ, ಎಲ್ಲ ಹೇಳಿದಳು. ಗಾಳಿಗೆ ದನಿ ಏರಿಸಬೇಕಾಯಿತು. ದನಿ ಏರಿಸಿದಾಗ ಕೊನೆಯಲ್ಲಿ ನಿಂತ ಹುಡುಗಿಯೂ ತಲೆ ಎತ್ತಿ ಕೇಳಿದಳು. ಮಾಬ್ಲೇಶ್ವರ ತಲೆದೂಗುತ್ತಿದ್ದ. ಒಂದು ಕ್ಷಣ ಜಯಶ್ರೀಗೆ ಸುಖವಾಯಿತು, ಕ್ಲಾಸಿನಲ್ಲಿ ಆಗುವಂಥದೇ ಸುಖ. ಆಗಲೇ ತಾನು ಹೇಳಿದ್ದರಲ್ಲಿ ಎಲ್ಲ ಇದೆ, ಮನುಷ್ಯರು ಯಾರೂ ಇಲ್ಲ ಎಂಬುದು ಕಂಡಿತು. ಜಗದೀಶನ ಕುತ್ತಿಗೆ ನಿಧಾನವಾಗಿ ಬಗ್ಗಿತ್ತು.

"ಅಂದ್ರೆ ಮಾಸ್ತರ ತಪ್ಪು. ಅಲ್ಲವಾ ಅಕ್ಕೋರೆ?" ಎಂದ ಮಾಬ್ಲೇಶ್ವರ.

"ಅಲ್ಲ."

"ಮತ್ತೆ ಯಾರ್ದು?"

"ನಂದು."

ಪುಟ್ಟು ಫಕ್ಕನೆ ನಕ್ಕ. "ನಮ್ಮಕ್ಕಂದು ಯಾವಾಗ್ಲೂ ಹೀಂಗೇ, ದೊಡ್ಡ ಮನಸ್ಸು. ಯಾರ ಹೊಟ್ಟೆ ಮೇಲೂ ಹೊಡೂಕೆ ಮನಸ್ಸು ಬರೂದಿಲ್ಲ." ಮಾಬ್ಲೇಶ್ವರನ ಮುಖದಲ್ಲಿ ಗೌರವ ಮೂಡಿತು. ಅದು ಜಯಶ್ರೀ ನಿರೀಕ್ಷಿಸಿರದ ದಾರಿ: ಹೇಳಿಯೂ ಆಯಿತು, ಯಾರೂ ನಂಬಲೂ ಇಲ್ಲ. ಇಲ್ಲಿಗೆ ನಿಲ್ಲಿಸಿದರೆ ಜಗದೀಶನ ಕ್ಯಾಂಪೂ ಉಳಿಯುತ್ತದೆ, ತನ್ನ ದೊಡ್ಡ ಮನಸ್ಸೂ ಉಳಿಯುತ್ತದೆ.

"ದೊಡ್ಡ ಮನಸ್ಸಲ್ಲ ಪುಟ್ಟು. ಆದಿತ್ಯವಾರ ಸಂಜೆ, ಕಾರವಾರ ಬೀಚಿನ ಮೇಲೆ, ಇನ್ನೂರ ಹತ್ತು ಬಸ್ಕಿ. ನಾ ಬೆಂಚಿನ ಮೇಲೆ ಕೂತು ಎಣಿಸಿದೆ. ಅವಳು ಎರಡು ಸಲ ಸಾಕು ಅಂದ್ಲು. ಮಂಗಳವಾರ ಫೋನು ಮಾಡಿ ಉಚ್ಚೆ ಕಪ್ಪಗೆ ಬರ್ತದೆ ಅಂದ್ಲು, ನಾ ಉಷ್ಣ ಅಂದೆ. ಇವರು ಮಾಡಿದ್ದು ಆಸ್ಪತ್ರೆಗೆ ಕರ್ಕಂಡು ಬಂದದ್ದು ಮಾತ್ರ."

ಯಾರೂ ನಗಲಿಲ್ಲ. ಭಾಸ್ಕರ ಅವಳನ್ನೇ ನೋಡುತ್ತಿದ್ದ, ದೂರದಲ್ಲಿ ಬರುವವರು ಯಾರೆಂದು ಗುರುತು ಹಿಡಿಯುವವನ ಹಾಗೆ.

"ಬುಧವಾರ ಡಾಕ್ಟರು ಕೇಳುವಾಗ ನೀ ಅಲ್ಲೇ ಇದ್ದಿದ್ದೆ," ಎಂದ.

"ಇದ್ದಿದ್ದೆ."

"ಎರಡು ರಾತ್ರಿ ನಿನ್ನ ಮನೇಲೇ ಉಂಡೆ ನಾನು. ಸಮಾಧಾನ ಮಾಡ್ಕಾ ಹೇಳಿ ನೀನೇ ಬಡಿಸ್ದೆ."

ಭಾಸ್ಕರ ಜಗದೀಶನ ಕಡೆ ಒಮ್ಮೆ ನೋಡಿ, ಮರಳಿನಲ್ಲಿ ಕಾಲು ಹೂತು ಹೂತು ಕಾರಿನ ಕಡೆ ನಡೆದ. ಪುಟ್ಟು ಅವಳನ್ನೂ ಅವನನ್ನೂ ನೋಡಿ ಅವನ ಹಿಂದೆ ಓಡಿದ. ಕಾರು ಒಂದು ನಿಮಿಷ ನಿಂತೇ ಇತ್ತು. ತನಗಾಗಿಯೋ ಎಂದು ಅವಳು ಎರಡು ಹೆಜ್ಜೆ ಹಾಕಿದಳು. ಅಷ್ಟರಲ್ಲಿ ಅದು ಹೊರಟಿತು, ಹಾಕಿದ ಎರಡು ಹೆಜ್ಜೆ ಹದಿನೇಳು ಹುಡುಗಿಯರೆದುರು ಹಾಗೇ ಉಳಿದವು.

ಜಗದೀಶ ಹತ್ತಿರ ಬಂದ. ಕ್ಷಮಿಸುತ್ತಾನೆ ಎಂದು ಅವಳಿಗೆ ಯಾಕೆ ಅನ್ನಿಸಿತೋ.

"ನಂಗೆ ಬುಧವಾರವೇ ಗೊತ್ತಿತ್ತು ಅಕ್ಕೋರೆ. ಭವ್ಯಾ ರಿಕ್ಷಾದಲ್ಲಿ ಹೇಳ್ದಳು, ಅದರ ಆಯಿ ಕೇಳದ ಹಾಂಗೆ. ಯಾರಿಗೂ ಹೇಳ್ಬೇಡಿ ಸರ್ ಅಂದ್ಳು, ನಾ ಹೇಳ್ಲಿಲ್ಲ. ಇವತ್ತು ನೀವೇ ಹೇಳ್ತ್ರಿ, ನಾಳೆ ಹೇಳ್ತ್ರಿ ಹೇಳಿ ಕಾದೆ." ಅವನ ದನಿ ಸಣ್ಣದಾಗಿಯೇ ಇತ್ತು, ಆದರೆ ಗಂಟಲಿನ ನರ ಉಬ್ಬಿತ್ತು. "ನನ್ನ ಹೆಂಡ್ತಿ ಹೀರಾ ಅಂಕೋಲೆ ಪೇಟೇಲಿ ಮೀನು ಮಾರ್ತದೆ. ಮೂರು ದಿನದಿಂದ ನಿಮ್ಮ ಊರ ಹೆಂಗಸ್ರು ಅದರ ಬುಟ್ಟಿ ಮುಟ್ಟೂದಿಲ್ಲ. ನಿನ್ನ ಗಂಡ ಹುಡುಗೀನ ಕೊಲ್ತಿದ್ದ ಹೇಳಿ ಮುಖದ ಮೇಲೆ ಹೇಳ್ತ್ರು. ನೀವು ಈಗ ಹೇಳಿದ್ದು ಒಳ್ಳೇದಾಯ್ತು. ಆದ್ರೆ ನಂಗೆ ನಿಮಗೆ ಉಪಕಾರ ಆಯ್ತು ಹೇಳೂಕೆ ಬರೂದಿಲ್ಲ." ಅವನು ತಿರುಗಿ ಹುಡುಗಿಯರ ಕಡೆ ಹೋದ. "ಎಂತ ನೋಡ್ತೀರೆ, ಸಿನಿಮಾವಾ? ಹಗ್ಗ ಹಿಡೀರಿ. ಮುಕ್ಕಾಲು ಚೀಲ. ಮುಕ್ಕಾಲೇ."

ಅವಳ ಚೀಲದಲ್ಲಿ ಫೋನು ಬಡಿದುಕೊಂಡಿತು. ಕವಿತಾ. "ಅತ್ತಿಗೆ! ರಿಪೋರ್ಟ್ ಬಂತು! ರಕ್ತದಲ್ಲಿ ಸ್ನಾಯು ಒಡದದ್ದರ ಲೆಕ್ಕ ಎಂಬತ್ತೆರಡು ಸಾವಿರ ಇತ್ತಲ್ಲ, ಅದು ಮೂವತ್ತೊಂದು ಸಾವಿರಕ್ಕೆ ಇಳದದೆ ಅಂತೆ. ಕಿಡ್ನಿಗೆ ಎಂತ ತೊಂದ್ರೆ ಇಲ್ಲ, ಇನ್ನು ಹೆದರೂದು ಬೇಡ ಅಂದ್ರು ಡಾಕ್ಟರು. ಇವ್ರಿಗೆ ಫೋನ್ ಮಾಡಿರೆ ಎತ್ತೂದೇ ಇಲ್ಲ. ಅದ್ಕೇ ನಿಮ್ಗೆ ಮಾಡ್ದೆ. ಖರೆ ಹೇಳ್ತೆ ಅತ್ತಿಗೆ, ನೀವು ಇಲ್ಲದೇ ಹೋಗಿರೆ ಈ ಮೂರು ದಿನ ನಂಗೆ ಎಂತ ಗತಿಯಾಗ್ತಿತ್ತು." ಅಳುವಿನ ತುದಿಯ ಗಟ್ಟಿ ನಗು. ಆಸ್ಪತ್ರೆಯ ಕಾರಿಡಾರಿನಲ್ಲಿ ಯಾರೋ ಸ್ಟೂಲು ಎಳೆದ ಸದ್ದು. ಜಯಶ್ರೀ ಸಮುದ್ರಕ್ಕೆ ಬೆನ್ನು ಮಾಡಿ, ಗಾಳಿಗೆ ಅಡ್ಡವಾಗಿ ಇನ್ನೊಂದು ಕೈಯಿಂದ ಫೋನು ಮುಚ್ಚಿ ಹಿಡಿದಳು. ಭಾಸ್ಕರ ಆಸ್ಪತ್ರೆ ಮುಟ್ಟಲು ಇನ್ನೂ ಮುಕ್ಕಾಲು ತಾಸು. ಅವನೇ ಹೇಳಲಿ ಎಂದು ಬಿಡಬಹುದು. ಒಳ್ಳೆಯ ಸುದ್ದಿ ಕೇಳಿದವಳಿಗೆ ಈ ಮುಕ್ಕಾಲು ತಾಸಾದರೂ ಇರಲಿ ಎಂದು ಅದಕ್ಕೆ ಕರುಣೆಯ ಹೆಸರನ್ನೂ ಇಡಬಹುದು.

"ಕವಿತಾ," ಎಂದಳು, "ಫೋನು ಇಡ್ಬೇಡ. ಒಂದು ಮಾತು ಅದೆ."

"ಹೇಳಿ ಅತ್ತಿಗೆ, ಹೇಳಿ." ಕವಿತಾಳ ದನಿಯಲ್ಲಿ ನಗು ಇನ್ನೂ ಆರಿರಲಿಲ್ಲ.